ಸೈಟೇಷನ್ ಎಲ್ಲಿ ಕೆಟ್ಟಿದೆ? ಲೇಖಕ-ಇಸವಿ ಶೈಲಿಯಲ್ಲಿ ಜರ್ನಲ್ ಲೇಖನಗಳ ಉಲ್ಲೇಖಕ್ಕೆ ದೋಷ ನಿವಾರಣೆ ಕೈಪಿಡಿ

ಥೀಸಿಸ್‌ನ ಅಧ್ಯಾಯ ಗೈಡ್ ಕೈಯಿಂದ ವಾಪಸ್ ಬರುತ್ತದೆ. ಅಂಚಿನಲ್ಲಿ ಒಂದೇ ಸಾಲು: ‘ರೆಫರೆನ್ಸ್ ಎಲ್ಲ ಸರಿಮಾಡಿ’. ಏನು ಕೆಟ್ಟಿದೆ, ಎಲ್ಲಿ ಕೆಟ್ಟಿದೆ ಅಂತ ಬರೆದಿರುವುದಿಲ್ಲ. ಆಗ ಹೆಚ್ಚಿನವರು ಪಟ್ಟಿಯ ಮೇಲಿನಿಂದ ಶುರುಮಾಡಿ ಕಾಮಾ, ಫುಲ್‌ಸ್ಟಾಪ್ ತಿದ್ದುತ್ತಾ ಹೋಗುತ್ತಾರೆ. ದಿನಗಟ್ಟಲೆ ಅದರಲ್ಲೇ ಕಳೆಯುತ್ತದೆ. ದೊಡ್ಡ ತಪ್ಪುಗಳು ಮಾತ್ರ ಇದ್ದಲ್ಲೇ ಇರುತ್ತವೆ.

ಸೈಟೇಷನ್ ಮೂರು ಕಡೆ ಕೆಡಬಹುದು. ಬರಹದೊಳಗಿನ ಉಲ್ಲೇಖಕ್ಕೂ ಕೊನೆಯ ಪಟ್ಟಿಗೂ ಇರುವ ಕೊಂಡಿ ತಪ್ಪಿರಬಹುದು. ಪಟ್ಟಿಯಲ್ಲಿರುವ ಮಾಹಿತಿಗೂ ನಿಜವಾದ ಲೇಖನಕ್ಕೂ ಹೊಂದಿಕೆ ಇಲ್ಲದಿರಬಹುದು. ಇವೆರಡೂ ಸರಿಯಿದ್ದು, ಬರೆದ ರೀತಿ ಮಾತ್ರ ಶೈಲಿಗೆ ಹೊಂದದಿರಬಹುದು. ಇದೇ ಕ್ರಮದಲ್ಲಿ ಹುಡುಕಿ. ಕಾಮಾ ತಪ್ಪಿದರೂ ಓದುಗರಿಗೆ ಲೇಖನ ಸಿಗುತ್ತದೆ. ಇಸವಿಯೋ ಸಂಪುಟವೋ ತಪ್ಪಿದರೆ ಸಿಗುವುದಿಲ್ಲ. ಥೀಸಿಸ್ ಶೋಧಗಂಗಾ (ಭಾರತೀಯ ಥೀಸಿಸ್‌ಗಳ ಆನ್‌ಲೈನ್ ಭಂಡಾರ) ಸೇರಿದ ಮೇಲೆ ನಿಮ್ಮ ಪಟ್ಟಿಯನ್ನು ನಂಬಿಕೊಂಡು ಮುಂದೆ ಹೋಗುವ ವಿದ್ಯಾರ್ಥಿ ಇನ್ನೊಂದೂರಿನಲ್ಲಿ ಇರುತ್ತಾನೆ. ಅವನಿಗೆ ನಿಮ್ಮನ್ನು ಕೇಳುವ ದಾರಿ ಇರುವುದಿಲ್ಲ.

ಇಲ್ಲಿ ಹಿಡಿದಿರುವುದು ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಶೈಲಿಯ 2019ರ 7ನೇ ಆವೃತ್ತಿಯ ನಿಯಮಗಳನ್ನು. ನಮ್ಮಲ್ಲಿ ಸಮಾಜ ವಿಜ್ಞಾನ, ಶಿಕ್ಷಣ, ಮನಃಶಾಸ್ತ್ರದವರು ಜಾಸ್ತಿ ಬಳಸುವುದು ಇದನ್ನೇ. ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಇಂಗ್ಲಿಷ್ ಪ್ರಬಂಧವಾದರೆ ಅವೇ ಇಂಗ್ಲಿಷ್ ಲಿಪಿಯಲ್ಲಿ ಬರುತ್ತವೆ.

ಮೊದಲು ಸರಿಯಾದ ಒಂದು ಮಾದರಿ ನೋಡಿಕೊಳ್ಳೋಣ. ಪಟ್ಟಿಯಲ್ಲಿ ಹೀಗಿರುತ್ತದೆ:

ಶ್ರೀನಿವಾಸ್, ಎಂ. ಎನ್. (1956). ಎ ನೋಟ್ ಆನ್ ಸ್ಯಾನ್‌ಸ್ಕ್ರಿಟೈಸೇಷನ್ ಅಂಡ್ ವೆಸ್ಟರ್ನೈಸೇಷನ್. ದಿ ಫಾರ್ ಈಸ್ಟರ್ನ್ ಕ್ವಾರ್ಟರ್ಲಿ, 15(4), 481–496.

ಇದರ ಕೊನೆಗೆ ಡಿಒಐ, ಅಂದರೆ ಆ ಲೇಖನಕ್ಕೇ ಕೊಟ್ಟ ಶಾಶ್ವತ ಗುರುತು ಸಂಖ್ಯೆಯ ಲಿಂಕ್ ಬರುತ್ತದೆ. ಈ ಲೇಖನದ ಡಿಒಐ 10.2307/2941919. ಬರಹದೊಳಗೆ (ಶ್ರೀನಿವಾಸ್, 1956) ಅಂತಲೋ, ವಾಕ್ಯದಲ್ಲೇ ಹೆಸರು ಬಂದರೆ ಶ್ರೀನಿವಾಸ್ (1956) ಅಂತಲೋ ಬರೆಯುತ್ತೀರಿ.

ಲಕ್ಷಣ: ಬರಹದಲ್ಲಿದೆ, ಪಟ್ಟಿಯಲ್ಲಿಲ್ಲ. ಅಥವಾ ಪಟ್ಟಿಯಲ್ಲಿದೆ, ಬರಹದಲ್ಲಿಲ್ಲ

ಪರೀಕ್ಷೆ ಸುಲಭ. ಫೈಲ್‌ನಲ್ಲಿ ‘(19’ ಮತ್ತು ‘(20’ ಅಂತ ಹುಡುಕಿ, ಆಮೇಲೆ ‘, 19’ ಮತ್ತು ‘, 20’ ಅಂತ ಹುಡುಕಿ. ಬರಹದೊಳಗಿನ ಹೆಚ್ಚುಕಮ್ಮಿ ಎಲ್ಲ ಉಲ್ಲೇಖಗಳೂ ಸಿಗುತ್ತವೆ. ಒಂದೊಂದನ್ನೂ ಮುದ್ರಿಸಿದ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತಾ ಹೋಗಿ. ಗುರುತು ಬೀಳದ ನಮೂದು ಉಳಿದರೆ ಅದನ್ನು ಪಟ್ಟಿಯಿಂದ ತೆಗೆಯಿರಿ. ಓದಿದ್ದನ್ನೆಲ್ಲ ಪಟ್ಟಿಗೆ ಸೇರಿಸುವ ಅಭ್ಯಾಸ ನಮ್ಮಲ್ಲಿ ಹಳೆಯದು. ಎಪಿಎ ಪಟ್ಟಿಯಲ್ಲಿ ಬರಹದಲ್ಲಿ ಉಲ್ಲೇಖಿಸಿದ್ದು ಮಾತ್ರ ಇರಬೇಕು.

ಬರಹದಲ್ಲಿದ್ದು ಪಟ್ಟಿಯಲ್ಲಿಲ್ಲ ಅಂದರೆ ಕಾರಣ ಸಾಮಾನ್ಯವಾಗಿ ಎರಡು. ಒಂದು, ಕರಡು ತಿದ್ದುವಾಗ ಪ್ಯಾರಾ ಬೇರೆ ಫೈಲ್‌ನಿಂದ ಬಂದಿದೆ, ಅದರ ನಮೂದು ಅಲ್ಲೇ ಉಳಿದಿದೆ. ಇನ್ನೊಂದು ಸ್ವಲ್ಪ ಗಂಭೀರ. ಇನ್ನೊಬ್ಬರ ಲೇಖನ ಓದುವಾಗ ಅವರು ಕೊಟ್ಟಿದ್ದ ಉಲ್ಲೇಖವನ್ನು ಹಾಗೇ ಎತ್ತಿಕೊಂಡಿದ್ದೀರಿ, ಮೂಲ ನೋಡಿಯೇ ಇಲ್ಲ. ಮೂಲ ತರಿಸಿ ಓದುವುದು ಮೊದಲ ದಾರಿ. ಸಿಗದಿದ್ದರೆ ನೀವು ನಿಜವಾಗಿ ಓದಿದ ಲೇಖನವನ್ನು ಪಟ್ಟಿಗೆ ಹಾಕಿ, ಬರಹದಲ್ಲಿ ‘ಇಂಥವರ ಲೇಖನದಲ್ಲಿ ಉಲ್ಲೇಖಿತ’ ಎಂದು ಹೇಳಿ. ಇದರಲ್ಲಿ ಮರ್ಯಾದೆ ಹೋಗುವುದೇನೂ ಇಲ್ಲ.

ಲಕ್ಷಣ: ನಮೂದು ಒಂಟಿ ಅಕ್ಷರದಿಂದ ಶುರುವಾಗುತ್ತದೆ

ಪಟ್ಟಿಯಲ್ಲಿ ‘ಕೆ, ಎಂ. (2018)’ ಅಂತ ಕಂಡರೆ ಅಲ್ಲಿ ಒಬ್ಬ ಮಂಜುನಾಥ ಕೆ. ಸಿಕ್ಕಿಹಾಕಿಕೊಂಡಿದ್ದಾರೆ ಅಂತಲೇ ಲೆಕ್ಕ. ಕೊನೆಯಲ್ಲಿ ಬಂದದ್ದೇ ಮನೆತನದ ಹೆಸರು ಎಂದು ಡೇಟಾಬೇಸ್ ತಿಳಿದುಕೊಂಡಿದೆ. ಪಾಪ, ಲೇಖಕರ ಹೆಸರೇ ಇನಿಶಿಯಲ್ ಆಗಿಹೋಗಿದೆ. ಕರ್ನಾಟಕದ ಲೇಖಕರನ್ನು ಉಲ್ಲೇಖಿಸುವವರು ಮೊದಲು ನೋಡಬೇಕಾದ ದೋಷ ಇದೇ.

ಮೂಲ ಕಾರಣ ನಮ್ಮ ಹೆಸರಿನ ರಚನೆ. ಹಳೇ ಮೈಸೂರು ಕಡೆ ಬಹಳ ಜನಕ್ಕೆ ಸರ್‌ನೇಮ್ ಇರುವುದಿಲ್ಲ. ಎಂ. ಎನ್. ಶ್ರೀನಿವಾಸ್ ಅಂದರೆ ಮೈಸೂರು ನರಸಿಂಹಾಚಾರ್ ಶ್ರೀನಿವಾಸ್. ಮೊದಲನೆಯದು ಊರು, ಎರಡನೆಯದು ತಂದೆ, ಮೂರನೆಯದು ಅವರ ಹೆಸರು. ಉತ್ತರ ಕರ್ನಾಟಕದ ಎಂ. ಎಂ. ಕಲಬುರ್ಗಿಯವರಲ್ಲಿ ಕೊನೆಯದು ಮನೆತನದ ಹೆಸರು. ಇನಿಶಿಯಲ್ ಮುಂದೆ ಬಂದಾಗ ಎರಡಕ್ಕೂ ಪರಿಹಾರ ಒಂದೇ: ಶ್ರೀನಿವಾಸ್, ಎಂ. ಎನ್. ಮತ್ತು ಕಲಬುರ್ಗಿ, ಎಂ. ಎಂ. ತೊಂದರೆ ಬರುವುದು ಇನಿಶಿಯಲ್ ಹಿಂದೆ ಬಂದಾಗ. ಆಗ ಪೂರ್ತಿಯಾಗಿ ಬರೆದಿರುವ ಹೆಸರನ್ನು ಕಾಮಾಕ್ಕಿಂತ ಮೊದಲು ತನ್ನಿ: ಮಂಜುನಾಥ, ಕೆ.

ಎರಡು ಪೂರ್ಣ ಹೆಸರುಗಳಿದ್ದು ಯಾವುದು ಮುಂದೆ ಬರಬೇಕು ಅಂತ ಗೊತ್ತಾಗದಿದ್ದರೆ ಊಹೆ ಮಾಡಬೇಡಿ. ಅವರದೇ ಬೇರೆ ಲೇಖನಗಳಲ್ಲಿ ತಮ್ಮನ್ನು ತಾವು ಹೇಗೆ ಉಲ್ಲೇಖಿಸಿಕೊಂಡಿದ್ದಾರೆ ನೋಡಿ. ಲೇಖಕರು ಇಟ್ಟುಕೊಂಡ ರೂಪವೇ ಸರಿ.

ಜೊಟೆರೊ (ರೆಫರೆನ್ಸ್‌ಗಳನ್ನು ಕೂಡಿಟ್ಟು ಬರಹಕ್ಕೆ ಸೇರಿಸುವ ಸಾಫ್ಟ್‌ವೇರ್) ಬಳಸುವವರು ಆ ನಮೂದು ತೆರೆದು ಹೆಸರಿನ ಎರಡು ಖಾನೆಗಳನ್ನು ಅದಲುಬದಲು ಮಾಡಿ. ಕುವೆಂಪು ತರದ ಕಾವ್ಯನಾಮವಾದರೆ ಎರಡು ಖಾನೆಯನ್ನು ಒಂದಾಗಿಸುವ ಗುಂಡಿ ಪಕ್ಕದಲ್ಲೇ ಇದೆ. ಸಂಸ್ಥೆಯೇ ಲೇಖಕನಾಗಿದ್ದರೂ ಅದೇ ಗುಂಡಿ.

ಲಕ್ಷಣ: ಬರಹದೊಳಗೆ ಇದ್ದಕ್ಕಿದ್ದಂತೆ ಇನಿಶಿಯಲ್ ಕಾಣಿಸಿಕೊಳ್ಳುತ್ತದೆ

ನೀವು ಬಯಸಿದ್ದು (ಶ್ರೀನಿವಾಸ್, 1956). ಬಂದದ್ದು (ಎಂ. ಎನ್. ಶ್ರೀನಿವಾಸ್, 1956). ಸಾಫ್ಟ್‌ವೇರ್ ಕೆಟ್ಟಿದೆ ಅಂತ ಅನ್ನಿಸುತ್ತದೆ. ಕೆಟ್ಟಿಲ್ಲ. ಒಂದೇ ಕೊನೆಹೆಸರಿನ ಇಬ್ಬರು ಬೇರೆ ಬೇರೆ ಮೊದಲ ಲೇಖಕರು ಪಟ್ಟಿಯಲ್ಲಿದ್ದರೆ, ಇಸವಿ ಬೇರೆಯಾಗಿದ್ದರೂ ಇನಿಶಿಯಲ್ ಹಾಕಬೇಕು ಅನ್ನುವುದು ಎಪಿಎ ನಿಯಮ. ಹಾಗಾಗಿ ಕೇಳಬೇಕಾದ ಪ್ರಶ್ನೆ: ಪಟ್ಟಿಯಲ್ಲಿ ನಿಜವಾಗಿಯೂ ಇಬ್ಬರಿದ್ದಾರಾ?

ಇದ್ದರೆ ಇನಿಶಿಯಲ್ ಹಾಗೇ ಇರಲಿ. ಕನ್ನಡ ವಿದ್ವತ್ತಿನಲ್ಲಿ ಬಿ. ಎಂ. ಶ್ರೀಕಂಠಯ್ಯನವರೂ ಇದ್ದಾರೆ, ತೀ. ನಂ. ಶ್ರೀಕಂಠಯ್ಯನವರೂ ಇದ್ದಾರೆ. ಇಬ್ಬರನ್ನೂ ಉಲ್ಲೇಖಿಸುವ ಪ್ರಬಂಧದಲ್ಲಿ ಬರೀ ‘ಶ್ರೀಕಂಠಯ್ಯ’ ಅಂದರೆ ಓದುಗರು ತಬ್ಬಿಬ್ಬಾಗುತ್ತಾರೆ. ರಾವ್, ಶೆಟ್ಟಿ, ಪಾಟೀಲ್ ಅನ್ನುವ ಹೆಸರುಗಳಿಗೂ ಇದೇ ಮಾತು.

ಒಬ್ಬರೇ ಆಗಿದ್ದರೆ ಅವರ ಹೆಸರು ನಿಮ್ಮ ಜೊಟೆರೊ ಲೈಬ್ರರಿಯಲ್ಲಿ ಎರಡು ಮೂರು ತರ ಕೂತಿದೆ. ಒಂದು ಕಡೆ ‘ಎಂ. ಎನ್.’, ಇನ್ನೊಂದು ಕಡೆ ಬರೀ ‘ಎಂ.’, ಮತ್ತೊಂದು ಕಡೆ ‘ಮೈಸೂರು ಎನ್.’ ಅಂತ ಇದ್ದರೂ ಸಾಕು, ಸಾಫ್ಟ್‌ವೇರ್ ಬೇರೆ ಬೇರೆ ಜನ ಅಂತಲೇ ಲೆಕ್ಕ ಹಾಕುತ್ತದೆ. ತೀ. ನಂ. ಶ್ರೀಕಂಠಯ್ಯನವರಂಥ ಹೆಸರಿಗೆ ಇನ್ನೊಂದು ತೊಡಕಿದೆ. ಕನ್ನಡದಲ್ಲಿ ಇನಿಶಿಯಲ್ ತೀ. ನಂ., ಇಂಗ್ಲಿಷ್‌ನಲ್ಲಿ ಟಿ. ಎನ್. ಎರಡೂ ಭಾಷೆಯ ಬರಹ ಒಂದೇ ಪಟ್ಟಿಗೆ ಬಂದರೆ ಒಬ್ಬರೇ ಇಬ್ಬರಾಗುತ್ತಾರೆ. ಒಂದು ರೂಪ ಆರಿಸಿ, ಎಲ್ಲ ನಮೂದಿನಲ್ಲೂ ಅದನ್ನೇ ಇಡಿ. ಆಮೇಲೆ ವರ್ಡ್‌ನಲ್ಲಿ ರಿಫ್ರೆಶ್ ಒತ್ತಿ. ಇನಿಶಿಯಲ್ ಹೋಗುತ್ತದೆ.

ಲಕ್ಷಣ: ಇಸವಿಯ ಪಕ್ಕ ಎ, ಬಿ ಬಂದಿದೆ. ಅಥವಾ ಬರಬೇಕಿತ್ತು, ಬಂದಿಲ್ಲ

ಒಂದೇ ಲೇಖನ ಉಲ್ಲೇಖಿಸಿದ್ದೀರಿ, ಆದರೂ 1956ಎ, 1956ಬಿ ಅಂತ ಬರುತ್ತಿದೆಯೇ? ಅದೇ ಲೇಖನ ಲೈಬ್ರರಿಗೆ ಎರಡು ಸಲ ಸೇರಿದೆ. ಮೂರನೇ ಅಧ್ಯಾಯದಲ್ಲಿ ಒಂದು ಪ್ರತಿ, ಐದನೇ ಅಧ್ಯಾಯದಲ್ಲಿ ಇನ್ನೊಂದು ಪ್ರತಿ ಬಳಕೆಯಾಗಿದೆ. ಜೊಟೆರೊದ ಡುಪ್ಲಿಕೇಟ್ ಪಟ್ಟಿಗೆ ಹೋಗಿ ಎರಡನ್ನೂ ಮರ್ಜ್ ಮಾಡಿ. ಒಂದನ್ನು ಡಿಲೀಟ್ ಮಾಡಬೇಡಿ. ಮರ್ಜ್ ಮಾಡಿದರೆ ಡಾಕ್ಯುಮೆಂಟ್‌ನಲ್ಲಿರುವ ಕೊಂಡಿ ಉಳಿಯುತ್ತದೆ, ಡಿಲೀಟ್ ಮಾಡಿದರೆ ಕಡಿದುಹೋಗುತ್ತದೆ.

ನಿಜವಾಗಿಯೂ ಎರಡು ಲೇಖನ ಇದ್ದಾಗ ಅಕ್ಷರ ಕೊಡುವುದರಲ್ಲಿ ಎಡವುವವರು ಜಾಸ್ತಿ. ಸಿ. ವಿ. ರಾಮನ್ ಅವರ 1928ನೇ ಇಸವಿಗಿಂತ ಒಳ್ಳೆಯ ಅಭ್ಯಾಸ ಇದಕ್ಕೆ ಸಿಗುವುದಿಲ್ಲ. ಆ ವರ್ಷ ಅವರೊಬ್ಬರೇ ‘ನೇಚರ್’ನಲ್ಲಿ ‘ಎ ಚೇಂಜ್ ಆಫ್ ವೇವ್‌ಲೆಂತ್ ಇನ್ ಲೈಟ್ ಸ್ಕ್ಯಾಟರಿಂಗ್’ ಬರೆದರು. ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ‘ಎ ನ್ಯೂ ರೇಡಿಯೇಷನ್’ ಬಂತು. ಇದು ಅವರು 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ಮಾಡಿದ ಭಾಷಣ. ಇವಲ್ಲದೆ ಕೆ. ಎಸ್. ಕೃಷ್ಣನ್ ಜೊತೆ ‘ನೇಚರ್’ನಲ್ಲಿ ‘ಎ ನ್ಯೂ ಟೈಪ್ ಆಫ್ ಸೆಕೆಂಡರಿ ರೇಡಿಯೇಷನ್’, ‘ದಿ ನೆಗೆಟಿವ್ ಅಬ್ಸಾರ್ಪ್ಷನ್ ಆಫ್ ರೇಡಿಯೇಷನ್’ ಇವೆ.

ನಾಲ್ಕೂ 1928. ಹಾಗಂತ ಎ, ಬಿ, ಸಿ, ಡಿ ಅಂತ ಹಾಕುವುದಲ್ಲ. ಲೇಖಕರ ಗುಂಪು ಪೂರ್ತಿ ಒಂದೇ ಆಗಿದ್ದಾಗ ಮಾತ್ರ ಅಕ್ಷರ ಬೇಕು. ರಾಮನ್ ಒಬ್ಬರದೇ ಒಂದು ಗುಂಪು. ರಾಮನ್ ಮತ್ತು ಕೃಷ್ಣನ್ ಇನ್ನೊಂದು ಗುಂಪು. ಎರಡೂ ಗುಂಪಿನಲ್ಲಿ ಎ, ಬಿ ಹೊಸದಾಗಿ ಶುರುವಾಗುತ್ತದೆ. ಪಟ್ಟಿಯಲ್ಲಿ ಒಬ್ಬರೇ ಬರೆದದ್ದು ಮೊದಲು.

ಯಾವುದು ಎ, ಯಾವುದು ಬಿ? ಯಾವುದು ಮೊದಲು ಅಚ್ಚಾಯಿತು ಅನ್ನುವುದನ್ನು ಜರ್ನಲ್ ಲೇಖನಕ್ಕೆ ನೋಡುವುದಿಲ್ಲ. ಶೀರ್ಷಿಕೆಯ ಅಕಾರಾದಿ ನೋಡಬೇಕು, ಅದೂ ಇಂಗ್ಲಿಷ್‌ನ ‘ಎ’, ‘ದಿ’ ಎಂಬ ಮೊದಲ ಪದಗಳನ್ನು ಬಿಟ್ಟು. ‘ಚೇಂಜ್’ ಸಿ ಅಕ್ಷರ, ‘ನ್ಯೂ’ ಎನ್ ಅಕ್ಷರ. ಹಾಗಾಗಿ ‘ನೇಚರ್’ ಲೇಖನ ರಾಮನ್ 1928ಎ, ಬೆಂಗಳೂರಿನ ಭಾಷಣ 1928ಬಿ. ಜಂಟಿ ಲೇಖನಗಳಲ್ಲಿ ‘ನೆಗೆಟಿವ್’, ‘ನ್ಯೂ’ ಎರಡಕ್ಕೂ ಮೊದಲೆರಡು ಅಕ್ಷರ ಒಂದೇ. ಮೂರನೆಯದರಲ್ಲಿ ಜಿ ಮೊದಲು, ಡಬ್ಲ್ಯು ಆಮೇಲೆ. ಜುಲೈನಲ್ಲಿ ಬಂದ ‘ನೆಗೆಟಿವ್ ಅಬ್ಸಾರ್ಪ್ಷನ್’ 1928ಎ ಆಗುತ್ತದೆ, ಮಾರ್ಚ್‌ನಲ್ಲೇ ಬಂದಿದ್ದ ‘ನ್ಯೂ ಟೈಪ್’ 1928ಬಿ. ಇತಿಹಾಸ ಗೊತ್ತಿದ್ದವರಿಗೆ ಇದು ಕಸಿವಿಸಿ ಅನ್ನಿಸುತ್ತದೆ, ಅಲ್ವಾ? ಯಾವುದು ಮೊದಲು ಬಂತು ಅನ್ನುವುದು ನಿಮ್ಮ ವಾದಕ್ಕೆ ಮುಖ್ಯವಾದರೆ ವಾಕ್ಯದಲ್ಲೇ ತಿಂಗಳು ಹೇಳಿ. ಅಕ್ಷರ ಬದಲಿಸಬೇಡಿ.

ಪಟ್ಟಿಗೆ ಹೊಸ ಲೇಖನ ಸೇರಿದಾಗ ಅಕ್ಷರಗಳು ಜರುಗುತ್ತವೆ ಅನ್ನುವುದನ್ನೂ ನೆನಪಿಡಿ. ಕೈಯಲ್ಲೇ ಟೈಪ್ ಮಾಡಿದವರು ಬರಹದೊಳಗೆ ಪ್ರತಿಯೊಂದನ್ನೂ ಮತ್ತೆ ನೋಡಬೇಕು.

ಲಕ್ಷಣ: ಇಸವಿ ಒಂದೊಂದು ಕಡೆ ಒಂದೊಂದು

ಜರ್ನಲ್‌ಗಳು ಈಗ ಲೇಖನವನ್ನು ಮೊದಲು ಆನ್‌ಲೈನ್‌ನಲ್ಲಿ ಹಾಕಿ, ಆಮೇಲೆ ಸಂಚಿಕೆಗೆ ಸೇರಿಸುತ್ತವೆ. ನಡುವೆ ವರ್ಷ ದಾಟಿಹೋಗುವುದುಂಟು. ನೀವು ಓದುವಾಗ ಸಂಪುಟ ಇರಲಿಲ್ಲ, ಈಗ ಇದೆ ಅಂದರೆ ಸಂಚಿಕೆಯ ಇಸವಿ ಹಾಕಿ, ಸಂಪುಟ, ಪುಟ ಸೇರಿಸಿ. ಇನ್ನೂ ಸಂಪುಟ ಸಿಕ್ಕಿಲ್ಲ ಅಂದರೆ ಆನ್‌ಲೈನ್ ಇಸವಿ ಇಟ್ಟು, ಜರ್ನಲ್ ಹೆಸರಿನ ನಂತರ ಮುಂಗಡ ಆನ್‌ಲೈನ್ ಪ್ರಕಟಣೆ ಎಂದು ಬರೆಯಿರಿ. ಥೀಸಿಸ್ ಸಲ್ಲಿಸುವ ವಾರ ಇಂಥ ನಮೂದುಗಳನ್ನು ಮತ್ತೊಮ್ಮೆ ತೆರೆದು ನೋಡಿ.

ಕೆಲವು ಹಳೆಯ ಕನ್ನಡ ಪತ್ರಿಕೆಗಳಲ್ಲಿ ಸಂವತ್ಸರದ ಹೆಸರಿರುತ್ತದೆ. ಸಂವತ್ಸರ ಯುಗಾದಿಗೆ ಶುರುವಾಗುವುದರಿಂದ ಎರಡು ಇಸವಿಗೆ ಹರಡಿಕೊಂಡಿರುತ್ತದೆ. ಸಂಚಿಕೆಯ ತಿಂಗಳು ನೋಡದೆ ಇಸವಿ ಲೆಕ್ಕ ಹಾಕಬೇಡಿ.

ಲಕ್ಷಣ: ಜರ್ನಲ್ ಹೆಸರು ಸರಿ ಅನ್ನಿಸುತ್ತದೆ, ಆದರೆ ಸಂಪುಟ ಸಿಗುವುದಿಲ್ಲ

ಶ್ರೀನಿವಾಸ್ ಅವರ 1956ರ ಲೇಖನವನ್ನು ‘ದಿ ಜರ್ನಲ್ ಆಫ್ ಏಷ್ಯನ್ ಸ್ಟಡೀಸ್’ ಅಂತ ಕೊಟ್ಟಿದ್ದರೆ ಪತ್ರಿಕೆ ಒಂದೇ, ಹೆಸರು ಮಾತ್ರ ತಪ್ಪು. 15ನೇ ಸಂಪುಟದವರೆಗೆ ಅದು ‘ದಿ ಫಾರ್ ಈಸ್ಟರ್ನ್ ಕ್ವಾರ್ಟರ್ಲಿ’. ಹೊಸ ಹೆಸರು ಬಂದದ್ದು ಅದೇ 1956ರಲ್ಲಿ, ಮುಂದಿನ ಸಂಪುಟದಿಂದ. ಈಗಿನ ವೆಬ್‌ಸೈಟ್‌ನಲ್ಲಿ ಹಳೆಯ ಸಂಪುಟಗಳೂ ಹೊಸ ಹೆಸರಿನ ಕೆಳಗೇ ಸಿಗುತ್ತವೆ. ಅಲ್ಲಿಂದ ಎತ್ತಿಕೊಂಡ ನಮೂದಿಗೆ ಹೊಸ ಹೆಸರು ಅಂಟಿಕೊಳ್ಳಬಹುದು. ಲೇಖನ ಅಚ್ಚಾದಾಗ ಏನು ಹೆಸರಿತ್ತೋ ಅದನ್ನೇ ಬರೆಯಬೇಕು. ನಮ್ಮ ‘ಇಪಿಡಬ್ಲ್ಯು’ ಕೂಡ 1966ಕ್ಕೆ ಮೊದಲು ‘ದಿ ಎಕನಾಮಿಕ್ ವೀಕ್ಲಿ’ ಆಗಿತ್ತು. ಹೆಸರನ್ನು ಚಿಕ್ಕದಾಗಿಸಿಯೂ ಬರೆಯಬಾರದು. ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ ಅಂತ ಪೂರ್ತಿ ಬರಲಿ.

ಪತ್ರಿಕೆಯ ಕಾಗುಣಿತವನ್ನೂ ತಿದ್ದಬೇಡಿ. ‘ಪ್ರಬುದ್ಧ ಕರ್ಣಾಟಕ’ದಲ್ಲಿ ಇರುವುದು ಣಕಾರ.

ಲಕ್ಷಣ: ಕೊಟ್ಟ ಪುಟದಲ್ಲಿ ಆ ಮಾತು ಇಲ್ಲ

ಎ. ಕೆ. ರಾಮಾನುಜನ್ ಅವರ ‘ಈಸ್ ದೇರ್ ಆನ್ ಇಂಡಿಯನ್ ವೇ ಆಫ್ ಥಿಂಕಿಂಗ್?’ ಲೇಖನ 1989ರಲ್ಲಿ ‘ಕಾಂಟ್ರಿಬ್ಯೂಷನ್ಸ್ ಟು ಇಂಡಿಯನ್ ಸೋಷಿಯಾಲಜಿ’ಯಲ್ಲಿ ಬಂತು. ಸಂಪುಟ 23(1), ಪುಟ 41–58. ಬರಹದೊಳಗೆ (ರಾಮಾನುಜನ್, 1989, ಪು. 36) ಅಂತ ಇದ್ದರೆ ಅಲ್ಲಿಗೇ ಗೊತ್ತಾಯಿತು. 36 ಅನ್ನುವುದು 41–58ರ ಒಳಗಿಲ್ಲ. ಓದಿದ್ದು 1999ರ ಪ್ರಬಂಧ ಸಂಗ್ರಹ, ಪಟ್ಟಿಗೆ ಹಾಕಿದ್ದು ಜರ್ನಲ್. ಓದಿದ ಪ್ರತಿಯನ್ನೇ ಪಟ್ಟಿಗೆ ಹಾಕಿ, ಬರಹದಲ್ಲಿ (ರಾಮಾನುಜನ್, 1989/1999) ಅಂತ ಎರಡೂ ಇಸವಿ ಕೊಡಿ. ನೇರವಾಗಿ ಮಾತು ಉದ್ಧರಿಸಿದ ಕಡೆಯಲ್ಲೆಲ್ಲ ಈ ಪರೀಕ್ಷೆ ಮಾಡಿ. ಎರಡು ಅಂಕಿ ಹೋಲಿಸಿದರೆ ಸಾಕು, ಲೇಖನ ತೆರೆಯುವುದೂ ಬೇಡ.

ಪುಟವೇ ಇಲ್ಲದ ಲೇಖನಗಳೂ ಇವೆ. ಆನ್‌ಲೈನ್ ಜರ್ನಲ್‌ಗಳು ಪುಟದ ಬದಲು ಲೇಖನ ಸಂಖ್ಯೆ ಕೊಡುತ್ತವೆ. ಇಯೊನಿಡಿಸ್ ಅವರು 2005ರಲ್ಲಿ ‘ಪ್ಲಾಸ್ ಮೆಡಿಸಿನ್’ನಲ್ಲಿ ಬರೆದ ಲೇಖನಕ್ಕೆ 2(8), ಆರ್ಟಿಕಲ್ ಇ124 ಅಂತ ಬರುತ್ತದೆ. ಪಿಡಿಎಫ್‌ನ ಪುಟ ಎಣಿಸಿ 1–6 ಅಂತ ಹಾಕಬೇಡಿ.

ಲಕ್ಷಣ: ಡಿಒಐ ತೆರೆಯುವುದಿಲ್ಲ, ಅಥವಾ ಬೇರೆ ಲೇಖನ ತೆರೆಯುತ್ತದೆ

ತೆರೆಯದಿದ್ದರೆ ಕಾರಣ ಸಾಮಾನ್ಯವಾಗಿ ಚಿಕ್ಕದು. ಕೊನೆಗೆ ಫುಲ್‌ಸ್ಟಾಪ್ ಅಂಟಿಕೊಂಡಿದೆ, ಅಥವಾ ಪಿಡಿಎಫ್‌ನಿಂದ ಕಾಪಿ ಮಾಡುವಾಗ ಸಾಲು ಮುರಿದು ನಡುವೆ ಜಾಗ ಬಿದ್ದಿದೆ. ಎಪಿಎಯಲ್ಲಿ ಡಿಒಐ ನಂತರ ಫುಲ್‌ಸ್ಟಾಪ್ ಇಲ್ಲ. ಹಳೆಯ ‘ಡಿಎಕ್ಸ್’ (dx.doi.org) ಇರುವ ಲಿಂಕ್ ತೆರೆಯುತ್ತದೆ, ಆದರೂ ಈಗಿನ https://doi.org/ ರೂಪಕ್ಕೆ ಬದಲಿಸಿ.

ಬೇರೆ ಲೇಖನ ತೆರೆದರೆ ನಿಲ್ಲಿ. ಇದು ಇಡೀ ಪಟ್ಟಿಯಲ್ಲೇ ಗಂಭೀರವಾದ ದೋಷ. ಎಐ ಚಾಟ್‌ಗಳನ್ನು ಕೇಳಿ ಪಡೆದ ರೆಫರೆನ್ಸ್‌ಗಳಲ್ಲಿ ಹೀಗಾಗುತ್ತದೆ. ಲೇಖಕರು ನಿಜ, ಜರ್ನಲ್ ನಿಜ, ಶೀರ್ಷಿಕೆ ನಂಬುವ ಹಾಗಿದೆ, ಲೇಖನ ಮಾತ್ರ ಇಲ್ಲ. ಶೀರ್ಷಿಕೆಯನ್ನು ಡಿಒಐ ನೋಂದಾಯಿಸುವ ಕ್ರಾಸ್‌ರೆಫ್ ತಾಣದಲ್ಲಿ ಹುಡುಕಿ. ಅಲ್ಲಿಲ್ಲದಿದ್ದರೆ ಜರ್ನಲ್‌ನ ಆ ಸಂಚಿಕೆಯ ಪರಿವಿಡಿ ತೆರೆಯಿರಿ. ಅಲ್ಲೂ ಇಲ್ಲದಿದ್ದರೆ ನಮೂದನ್ನು ತೆಗೆದುಹಾಕಿ, ಅದರ ಆಧಾರದ ಮೇಲೆ ಬರೆದ ವಾಕ್ಯವನ್ನೂ ತೆಗೆಯಿರಿ. ಅದೇ ಮಾತು ಹೇಳುವ ಇನ್ನೊಂದು ಲೇಖನ ಹುಡುಕಿ ಆ ಜಾಗಕ್ಕೆ ಕೂರಿಸುವುದು ಸರಿಯಲ್ಲ. ಹೊಸ ಲೇಖನ ಓದಿ, ಅದು ಏನು ಹೇಳುತ್ತದೋ ಅದನ್ನು ಬರೆಯಿರಿ.

ಲೇಖನ ಇದ್ದೂ ಹಿಂತೆಗೆದುಕೊಂಡದ್ದಾಗಿರಬಹುದು. ಜೊಟೆರೊ ಇಂಥದ್ದಕ್ಕೆ ಕೆಂಪು ಎಚ್ಚರಿಕೆ ತೋರಿಸುತ್ತದೆ. ಅದನ್ನು ಮುಚ್ಚಿ ಮುಂದೆ ಹೋಗಬೇಡಿ.

ಕೆಲವು ಹಳೆಯ ಪತ್ರಿಕೆಗಳಿಗೆ, ಬಹುಪಾಲು ಕನ್ನಡ ಪತ್ರಿಕೆಗಳಿಗೆ ಡಿಒಐ ಇರುವುದಿಲ್ಲ. ಅದು ದೋಷವಲ್ಲ. ಪುಟ ಸಂಖ್ಯೆಗೆ ನಮೂದು ಮುಗಿಸಿ.

ಇನ್ನು ಶೈಲಿ

ಇಲ್ಲಿ ಬೇಗ ಮುಗಿಸಬಹುದು. ಇಂಗ್ಲಿಷ್ ಲೇಖನದ ಶೀರ್ಷಿಕೆಯಲ್ಲಿ ಮೊದಲ ಪದ, ಕೋಲನ್ ನಂತರದ ಪದ, ಅಂಕಿತನಾಮ ಮಾತ್ರ ದೊಡ್ಡಕ್ಷರ. ಜರ್ನಲ್ ಹೆಸರಿನಲ್ಲಿ ಮುಖ್ಯ ಪದಗಳೆಲ್ಲ ದೊಡ್ಡಕ್ಷರ. ಇಟಾಲಿಕ್ಸ್ ಜರ್ನಲ್ ಹೆಸರಿಗೆ ಮತ್ತು ಸಂಪುಟಕ್ಕೆ, ಸಂಚಿಕೆಗೆ ಇಲ್ಲ. ಸಂಪುಟಕ್ಕೂ ಸಂಚಿಕೆಯ ಆವರಣಕ್ಕೂ ನಡುವೆ ಜಾಗ ಬಿಡಬೇಡಿ. ಮೂರು ಅಥವಾ ಹೆಚ್ಚು ಲೇಖಕರಿದ್ದರೆ ಬರಹದೊಳಗೆ ಮೊದಲ ಸಲವೇ ‘ಮತ್ತು ಇತರರು’. ಮೊದಲ ಸಲ ಎಲ್ಲ ಹೆಸರು ಬರೆದಿದ್ದರೆ ಅದು 6ನೇ ಆವೃತ್ತಿಯ ರೂಢಿ, ಯಾರದೋ ಹಳೆಯ ಥೀಸಿಸ್ ನೋಡಿ ಬಂದದ್ದು. ಪಟ್ಟಿಯಲ್ಲಿ 20 ಜನರವರೆಗೆ ಎಲ್ಲರ ಹೆಸರೂ ಬೇಕು. 2016ರ ಗುರುತ್ವ ಅಲೆಗಳ ಲೇಖನಕ್ಕೆ 1000ಕ್ಕೂ ಹೆಚ್ಚು ಲೇಖಕರು. ಅಂಥದ್ದಕ್ಕೆ ಮೊದಲ 19 ಹೆಸರು, ಮೂರು ಚುಕ್ಕಿ, ಕೊನೆಯ ಹೆಸರು.

ಕೆಲವು ಉಲ್ಲೇಖದಲ್ಲಿ ಹೆಸರಿನ ನಂತರ ಕಾಮಾ ಇದ್ದು ಕೆಲವದರಲ್ಲಿ ಇಲ್ಲದಿದ್ದರೆ ಎಪಿಎ ಜೊತೆ ಷಿಕಾಗೊ ಎಂಬ ಇನ್ನೊಂದು ಶೈಲಿ ಬೆರೆತಿದೆ. ಷಿಕಾಗೊದ ಲೇಖಕ-ಇಸವಿ ರೂಪದಲ್ಲಿ ಅಲ್ಲಿ ಕಾಮಾ ಇಲ್ಲ. ಗೂಗಲ್ ಸ್ಕಾಲರ್‌ನ ‘ಸೈಟ್’ ಗುಂಡಿಯಿಂದ ಬೇರೆ ಬೇರೆ ದಿನ ಬೇರೆ ಬೇರೆ ಸಾಲು ಕಾಪಿ ಮಾಡಿದರೆ ಪಟ್ಟಿಯಲ್ಲೂ ಶೈಲಿಗಳು ಹೀಗೇ ಬೆರೆಯುತ್ತವೆ. ‘ಹಾರ್ವರ್ಡ್ ಶೈಲಿ’ ಅಂತ ಹೇಳಿದ್ದರೆ ಯಾವ ಹಾರ್ವರ್ಡ್ ಅಂತ ಕೇಳಲೇಬೇಕು. ಲೇಖಕ-ಇಸವಿ ಪದ್ಧತಿಯನ್ನು ಹಾರ್ವರ್ಡ್‌ನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ 1881ರಲ್ಲಿ ಗೊಂಡೆಹುಳು ಕುರಿತ ಒಂದು ಲೇಖನದಲ್ಲಿ ಬಳಸಿದರು, ಹೆಸರು ಅಲ್ಲಿಂದ ಉಳಿಯಿತು. ಎಲ್ಲರೂ ಒಪ್ಪಿದ ಒಂದೇ ಕೈಪಿಡಿ ಅದಕ್ಕಿಲ್ಲ. ವಿಶ್ವವಿದ್ಯಾಲಯವೋ ಜರ್ನಲ್ಲೋ ಕೊಟ್ಟ ಮಾದರಿ ಹಾಳೆ ಪಡೆದು ಅದರಂತೆ ನಡೆಯಿರಿ.

ಲಕ್ಷಣ: ತಿದ್ದಿದ್ದು ಮತ್ತೆ ಹಳೆಯ ಹಾಗೇ ಆಗುತ್ತದೆ

ವರ್ಡ್ ಫೈಲ್‌ನಲ್ಲಿ ಜೊಟೆರೊ ಹಾಕಿದ ಸೈಟೇಷನ್ ಮೇಲೆ ಕೈಯಲ್ಲಿ ಟೈಪ್ ಮಾಡಿದರೆ ಮುಂದಿನ ರಿಫ್ರೆಶ್‌ನಲ್ಲಿ ಅದು ಅಳಿಸಿಹೋಗಬಹುದು. ತಿದ್ದುಪಡಿ ಲೈಬ್ರರಿಯಲ್ಲಿ ಆಗಬೇಕು. ಪುಟ ಸಂಖ್ಯೆ ಸೇರಿಸಲು ಸೈಟೇಷನ್ ಮೇಲೆ ಕ್ಲಿಕ್ ಮಾಡಿ ಅದರ ಪೆಟ್ಟಿಗೆಯಲ್ಲೇ ಹಾಕಿ. ‘ಶ್ರೀನಿವಾಸ್ (ಶ್ರೀನಿವಾಸ್, 1956)’ ಅಂತ ಹೆಸರು ಎರಡು ಸಲ ಬರುತ್ತಿದ್ದರೆ ಅದೇ ಪೆಟ್ಟಿಗೆಯಲ್ಲಿ ಲೇಖಕರ ಹೆಸರು ಬಿಡುವ ಆಯ್ಕೆ ಇದೆ, ಅದನ್ನು ಆರಿಸಿ.

ಕೊಂಡಿಗಳನ್ನು ಕಳಚಿ ಸಾದಾ ಅಕ್ಷರ ಮಾಡುವ ಗುಂಡಿಯನ್ನು ಎಲ್ಲ ಮುಗಿದ ಮೇಲೆ, ಪ್ರೆಸ್‌ಗೋ ಜರ್ನಲ್‌ಗೋ ಕಳಿಸುವ ಪ್ರತಿಯಲ್ಲಿ ಮಾತ್ರ ಒತ್ತಿ. ಒತ್ತುವ ಮೊದಲು ಫೈಲ್‌ನ ಇನ್ನೊಂದು ಪ್ರತಿ ಬೇರೆ ಹೆಸರಿನಲ್ಲಿ ಉಳಿಸಿ. ವೈವಾ ಆದ ಮೇಲೆ ತಿದ್ದುಪಡಿ ಬಂದರೆ ಕೆಲಸ ಮಾಡಬೇಕಾಗುವುದು ಆ ಪ್ರತಿಯಲ್ಲಿ.